ಹೆಸರೊಂದನ್ನು ಬಿಟ್ಟು

ಕಳೆದ ವರ್ಷ ಹಡಗಲಿಯಿಂದ ರೇಣುಕಾ ಫೋನ್ ಮಾಡಿದ್ದಳು. ನಾನು ನಿವೃತ್ತನಾದ ಪತ್ರಿಕೆಗೇ ಹೊಸದಾಗಿ ಸೇರಿದ ಹುಡುಗಿ. ಅವಳ ತಾಲ್ಲೂಕಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರವಾದ ದೂರು ದಾಖಲಾಗಿತ್ತು. ಸಂಜೆಯೊಳಗೆ ಸುದ್ದಿ ಕಳಿಸಬೇಕಿತ್ತು.

"ಸರ್, ಇಂಥಾ ಸುದ್ದಿ ಹೆಂಗ ಬರೀಬೇಕ್ರಿ?" ಅಂದಳು.

ನಾನು ಸಂತೆಗೆ ಹೊರಟಿದ್ದೆ, ಕೈಯಲ್ಲಿ ಚೀಲವಿತ್ತು. "ಹೆಸರು ಹಾಕಬ್ಯಾಡವ್ವ, ಅಷ್ಟ. ಉಳಿದದ್ದು ಪೊಲೀಸ್ರು ಹೇಳಿದಂಗ ಬರಿ" ಅಂದು ಫೋನ್ ಇಟ್ಟೆ.

ಓಣಿಯ ತಿರುವಿಗೆ ಬರುವಷ್ಟರಲ್ಲಿ ನಾನು ಆಡಿದ್ದು ಎಂಥ ಮಾತು ಎಂದು ನನಗೇ ಹೊಳೆಯಿತು. ನಾನು ಕೆಲಸಕ್ಕೆ ಸೇರಿದಾಗ ಮೇಲಿನವರು ಹೇಳಿಕೊಟ್ಟದ್ದೂ ಇಷ್ಟೇ. ಆ ಒಂದು ಮಾತನ್ನು ನೆಚ್ಚಿಕೊಂಡು ನಾನು ಏನು ಮಾಡಿದ್ದೆ ಎಂಬುದು ಚೆನ್ನಾಗಿ ಗೊತ್ತಿದ್ದೂ ಅದನ್ನೇ ಆ ಹುಡುಗಿಗೆ ದಾಟಿಸಿದ್ದೆ. ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಮತ್ತೆ ಅವಳಿಗೆ ಫೋನ್ ಹಚ್ಚಿದೆ. "ಇನ್ನಾ ಕಳಿಸಿಲ್ಲಲ್ಲ? ತಡಿ, ಹೇಳೋದು ಐತಿ" ಅಂದೆ. ಅವತ್ತು ಹೇಳಲು ಆದದ್ದು ಸ್ವಲ್ಪ. ಉಳಿದದ್ದನ್ನು ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವ ಇತರರಿಗೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೂಡ್ಲಿಗಿಯಲ್ಲಿ ತಾಲ್ಲೂಕು ವರದಿಗಾರನಾಗಿ ಸೇರಿದವನು. ಆಮೇಲೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ನನ್ನ ಪಾಲಿಗೆ ಬಂದವು, ಕೊನೆಗೆ ಹರಪನಹಳ್ಳಿಯೂ ಬಂತು. ಹರಪನಹಳ್ಳಿ ಒಂದು ಕಾಲಕ್ಕೆ ದಾವಣಗೆರೆ ಜಿಲ್ಲೆ, ನಂತರ ಬಳ್ಳಾರಿ, ಈಗ ವಿಜಯನಗರ. ಆ ಊರಿನ ಸುದ್ದಿ ಯಾವ ಪುಟಕ್ಕೆ ಹೋಗಬೇಕು ಎಂದು ಕಚೇರಿಯಲ್ಲಿ ತಕರಾರು ನಡೆಯುತ್ತಿದ್ದರೆ ನಾನು ತೆಲಿಗಿಗೆ ಹೋಗುವ ಬಸ್ಸಿನ ಕಿಟಕಿ ಬದಿಯಲ್ಲಿ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೆ. ಮೊದಮೊದಲು ಬರೆದದ್ದನ್ನು ಲಕೋಟೆಯಲ್ಲಿ ಹಾಕಿ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಆಮೇಲೆ ಫ್ಯಾಕ್ಸ್ ಬಂತು, ಅದರ ಹಿಂದೆ ಕಂಪ್ಯೂಟರ್ ಅಂಗಡಿ, ಕೊನೆಗೆ ಮೊಬೈಲು. ಸುದ್ದಿ ಹೋಗುವ ದಾರಿ ಇಷ್ಟು ಸಲ ಬದಲಾಯಿತು. ಅತ್ಯಾಚಾರದ ಸುದ್ದಿ ಬರೆಯುವ ಬಗೆ ಮಾತ್ರ ನನ್ನ ಕಾಲದಲ್ಲಿ ಇದ್ದಲ್ಲೇ ಇತ್ತು.

ಬೆಳಿಗ್ಗೆ ಚಹಾ ಕುಡಿದ ಮೇಲೆ ಠಾಣೆಗಳಿಗೆ ಫೋನ್ ಮಾಡುವುದು ನಮ್ಮ ಪದ್ಧತಿ. "ನಿನ್ನಿ ಏನಾರ ಐತೇನ್ರಿ?" ಎಂದು ಕೇಳಿದರೆ ಅಲ್ಲಿದ್ದವರು ದೂರನ್ನು ಓದಿ ಹೇಳುತ್ತಿದ್ದರು. ಅವರು ಓದಿದ ಮಾತುಗಳೇ ನಮ್ಮ ಮಾತುಗಳಾಗುತ್ತಿದ್ದವು. ಪುಸಲಾಯಿಸಿ, ಸಲುಗೆ ಬೆಳೆಸಿ, ಮಾನಭಂಗ. ಕಳ್ಳತನದ ಸುದ್ದಿಯಲ್ಲಿ ಒಡವೆ ಕಳೆದುಕೊಂಡವರ ಮಾನ ಹೋಯಿತು ಎಂದು ನಾನು ಯಾವತ್ತೂ ಬರೆದಿಲ್ಲ. ಇಲ್ಲಿ ಮಾತ್ರ ಕೆಟ್ಟ ಕೆಲಸ ಮಾಡಿದವನು ಒಬ್ಬ, ಮಾನ ಹೋದದ್ದು ಇನ್ನೊಬ್ಬಳದು ಎಂದು ಬರೆಯುವಾಗ ಕೈ ತಡೆಯುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಪ್ರಕರಣದಲ್ಲಿ, ಕೂಲಿ ಮುಗಿಸಿ ಮನೆಗೆ ಬರುತ್ತಿದ್ದ ಹೆಣ್ಣುಮಗಳ ಬಗ್ಗೆ 'ಒಂಟಿಯಾಗಿ ಹೋಗುತ್ತಿದ್ದ ಮಹಿಳೆ' ಎಂದು ಬರೆದೆ. ಮರುದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಮೇಜಿನವರು ನಮ್ಮದೇ ಪತ್ರಿಕೆ ಹಿಡಿದು ಮಾತಾಡುತ್ತಿದ್ದರು. "ಒಬ್ಬಾಕಿನ ಯಾಕ ಹೋಗಬೇಕಾಗಿತ್ತು?" ಎಂದು ಒಬ್ಬ ಕೇಳಿದ. ಉಳಿದವರು ಹೌದು ಹೌದು ಎಂದರು. ನಾನು ಬರೆದ ಸುದ್ದಿಯ ಮೇಲೆ ಚರ್ಚೆ ನಡೆಯುತ್ತಿದೆ ಎಂದು ಆಗ ನನಗೆ ಹೆಮ್ಮೆಯಾಗಿತ್ತು. 'ಒಂಟಿಯಾಗಿ' ಎಂಬ ಪದ ದೂರಿನಲ್ಲಿ ಇರಲಿಲ್ಲ. ವಾಕ್ಯಕ್ಕೆ ಓಟ ಬರಲಿ ಎಂದು ನಾನೇ ಸೇರಿಸಿದ್ದು. ಹೋಟೆಲಿನಲ್ಲಿ ಕೂತವರ ಬಾಯಿಗೆ ಆ ಪ್ರಶ್ನೆ ಕೊಟ್ಟವನು ನಾನು ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಇದರ ನಡುವೆ ಚಿಕುನ್‌ಗುನ್ಯ ಬಂದ ವರ್ಷ ನಾನು ಬಹಳ ಒಳ್ಳೆಯ ಕೆಲಸ ಮಾಡಿದೆ ಎಂದು ಹೇಳಬಹುದು. ಯಾವ ಲಕ್ಷಣ ಕಂಡರೆ ಯಾವ ಆಸ್ಪತ್ರೆಗೆ ಹೋಗಬೇಕು, ಏನು ತಿನ್ನಬೇಕು, ನೀರಿನ ತೊಟ್ಟಿ ಹೇಗೆ ಮುಚ್ಚಿಡಬೇಕು ಎಂದೆಲ್ಲ ವೈದ್ಯರನ್ನು ಕೇಳಿ ಕೇಳಿ ಬರೆದೆ. ಜ್ವರ ಬಂದವರ ಮನೆಯ ಬಾಗಿಲಲ್ಲಿ ನಿಂತು, ಇವಳು ಇಂಥವರ ಮಗಳು, ಇಂಥ ಹೊತ್ತಿನಲ್ಲಿ ಇಂಥ ಕಡೆ ಹೋಗಿ ಜ್ವರ ತಂದುಕೊಂಡಳು ಎಂದು ಬರೆಯಲಿಲ್ಲ. ಜ್ವರದ ಸುದ್ದಿಗೆ ಆಸ್ಪತ್ರೆಗೆ ಹೋಗುತ್ತಿದ್ದ ನಾನು ಅತ್ಯಾಚಾರದ ಸುದ್ದಿಗೆ ಒಂದು ಸಲವಾದರೂ ವೈದ್ಯರ ಮುಂದೆ ಕೂತು, ಇಂಥದ್ದು ಆದವರಿಗೆ ಏನು ಚಿಕಿತ್ಸೆ ಇದೆ, ಎಷ್ಟು ಬೇಗ ಬರಬೇಕು ಎಂದು ಕೇಳಿರಲಿಲ್ಲ. ಅದಕ್ಕೆ ಚಿಕಿತ್ಸೆ ಎಂಬುದೊಂದು ಇದೆ ಎಂಬುದೇ ನನ್ನ ತಲೆಯಲ್ಲಿ ಇರಲಿಲ್ಲ.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಕಾನಹೊಸಹಳ್ಳಿ ಆಚೆ ಹೆದ್ದಾರಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಹುಡುಗಿಯೊಬ್ಬಳು ಡಿಗ್ರಿ ಓದುತ್ತಿದ್ದಳು. ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದವಳು. ಅವಳ ಮೇಲೆ ಅತ್ಯಾಚಾರ ನಡೆಯಿತು. ಮಾಡಿದವನು ಗುರುತಿನವನೇ. ತಾಯಿ ಅವಳನ್ನು ಕರೆದುಕೊಂಡು ಮೊದಲು ತಾಲ್ಲೂಕು ಆಸ್ಪತ್ರೆಗೆ ಬಂದರು, ಅಲ್ಲಿಂದ ಠಾಣೆಗೆ ಮಾಹಿತಿ ಹೋಯಿತು. ಠಾಣೆಯಿಂದ ನನಗೆ.

ನಾನು ಆಸ್ಪತ್ರೆಗೆ ಹೋದಾಗ ತಾಯಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿದ ಕೂಡಲೇ ಎದ್ದು ನಿಂತರು.

"ಅಣ್ಣಾರ, ಪೇಪರಿನೋರ?"

"ಹೂನಮ್ಮ."

"ಬರೀಬ್ಯಾಡ್ರಿ ಅಣ್ಣಾ. ನಿಮಗ ಕೈ ಮುಗೀತೀನಿ. ಮಂದಿಗೆ ಗೊತ್ತಾಗಬಾರದಂತ ಊರಾಗ ಅಜ್ಜಿಗಿ ಹುಷಾರಿಲ್ಲಂತ ಹೇಳಿ ಬಂದೀವಿ."

ನಾನು ಬಹಳ ಮೃದುವಾಗಿ, ದೊಡ್ಡ ಮನುಷ್ಯನ ಹಾಗೆ ಹೇಳಿದೆ. "ಅಮ್ಮಾ, ಬರದ್ರನ ಅವನಿಗೆ ಶಿಕ್ಷಾ ಆಗೋದು. ನಿಮ್ಮ ಮಗಳ ಹೆಸರು ಹಾಕಂಗಿಲ್ಲ. ಫೋಟೋ ಹಾಕಂಗಿಲ್ಲ. ಕಾನೂನು ಐತಿ. ನನ್ನ ಮ್ಯಾಲ ಭರೋಸಾ ಇಡ್ರಿ."

ಭರೋಸಾ ಎಂಬ ಮಾತಿಗೆ ಆ ತಾಯಿ ಸುಮ್ಮನಾದರು. ಕುಡಿಯಲು ನೀರು ಸಹ ಕೊಟ್ಟರು. ಅವರ ಯಜಮಾನರು ಏನು ಕೆಲಸ ಮಾಡುತ್ತಾರೆ, ಮಗಳು ಎಲ್ಲಿ ಓದುತ್ತಾಳೆ, ಮನೆಯಲ್ಲಿ ಎಷ್ಟು ಜನ ಎಂದು ನಾನು ಕೇಳಿದೆ. ನಂಬಿದ್ದರಿಂದ ಹೇಳಿದರು.

ಸುದ್ದಿ ಮುಖಪುಟದಲ್ಲಿ ಬಂತು, ನನ್ನ ಹೆಸರಿನ ಸಮೇತ. ಹುಡುಗಿಯ ಹೆಸರು ಇರಲಿಲ್ಲ. ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡ ಬಡ ತಂದೆ ಇದ್ದರು. ಡಿಗ್ರಿ ಎರಡನೇ ವರ್ಷ ಇತ್ತು. ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು ಎಂಬುದು ಇತ್ತು. ಹೋಬಳಿ ಇತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಳೆ ಎಂಬುದೂ ಇತ್ತು. ತಾಯಿಯ ಕಣ್ಣೀರು ಒಂದು ಪ್ಯಾರಾ ಇತ್ತು.

ಜಿಲ್ಲಾ ಕಚೇರಿಯಲ್ಲಿ ನಮ್ಮ ಮುಖ್ಯಸ್ಥರಾಗಿದ್ದ ಶೇಖರಪ್ಪ ಸರ್ ಬೆಳಿಗ್ಗೆಯೇ ಫೋನ್ ಮಾಡಿದರು. "ಓದಿದ್ರ ಕಣ್ಣಾಗ ನೀರು ಬರ್ತಾವಪಾ. ಬೆಂಗಳೂರಾಗೂ ಮಾತಾಡಾಕ್ಹತ್ಯಾರ. ಮುಂದೇನಾತು ಅಂತ ನಾಳಿಗೆ ಫಾಲೋಅಪ್ ಬೇಕು" ಅಂದರು. ಇಷ್ಟು ಹೊಗಳಿಕೆ ಅವರ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಪತ್ರಿಕೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ಓದಿದಳು. ಓದಿ ಮುಗಿಸಿ ಒಲೆ ಸಣ್ಣಗೆ ಮಾಡಿದಳು.

"ಕಾನಹೊಸಹಳ್ಳಿ ಕಡಿ ಹೆದ್ದಾರಿ ಮ್ಯಾಲ ಪಂಕ್ಚರ್ ಅಂಗಡಿ ಎಷ್ಟು ಅದಾವ?" ಅಂದಳು.

"ಯಾಕ?"

"ಅದ್ರಾಗ ಮೂರು ಹೆಣ್ಣುಮಕ್ಳು ಇರೋ ಮನಿ ಎಷ್ಟು? ಅದ್ರಾಗ ಹಿರೇಕಿ ಡಿಗ್ರಿ ಓದೋ ಮನಿ ಎಷ್ಟು? ನಾನು ಆ ಊರು ಕಂಡಾಕಿ ಅಲ್ಲ. ಒಂದು ಫೋನ್ ಮಾಡಿದ್ರ ಆ ಹುಡುಗಿ ಹೆಸರು ತಿಳಕೋತೀನಿ. ನೀವು ಬಿಟ್ಟಿದ್ದು ಏನು?"

"ಹೆಸರು ಹಾಕಿಲ್ಲಲ್ಲ" ಅಂದೆ.

ಅವಳು ಪತ್ರಿಕೆ ಮಡಚಿ ಒಳಗೆ ಹೋದಳು. ನಾನು ಫಾಲೋಅಪ್ ಬರೆಯಲು ಆಸ್ಪತ್ರೆಗೆ ಹೊರಟೆ.

ಆಸ್ಪತ್ರೆಯ ಮೆಟ್ಟಿಲಲ್ಲೇ ಡಾಕ್ಟರ್ ಸುಮಂಗಲಾ ಎದುರಾದರು. ಹೆರಿಗೆ ವಾರ್ಡು ನೋಡಿಕೊಳ್ಳುತ್ತಿದ್ದವರು. ಚಿಕುನ್‌ಗುನ್ಯ ಕಾಲದಿಂದ ನನಗೆ ಪರಿಚಯ. ಆವತ್ತು ಅವರು ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಮಾಡಲಿಲ್ಲ. ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಕೂರಲು ಹೇಳಲಿಲ್ಲ.

"ಪೇಷಂಟ್ ಹೋದ್ಲು" ಅಂದರು.

ನನ್ನ ಮುಖ ನೋಡಿ ಅವರೇ, "ಸತ್ತಿಲ್ರೀ. ಮನಿಯವ್ರು ಕರ್ಕೊಂಡು ಹೋದ್ರು. ಬೆಳಿಗ್ಗೆ ಪೇಪರ್ ಬಂತು. ಆ ಊರಿನ ಮಂದಿ ಬಾಳೆಹಣ್ಣು ಹಿಡ್ಕೊಂಡು ವಾರ್ಡ್ ನೋಡಾಕ ಬಂದ್ರು. ಅಜ್ಜಿ ಹುಷಾರದಾಳೇನು ಅಂತ ನಕ್ಕೋತ ಕೇಳಿದ್ರು. ತಾಯಿ ಮಗಳ ಮುಖದ ಮ್ಯಾಲ ಸೆರಗು ಹಾಕಿ, ಹಿಂದಿನ ಗೇಟಿನಾಗ ಆಟೋ ಹತ್ತಿಸಿಬಿಟ್ಲು. ನಾನು ಹೆರಿಗಿ ಮಾಡಸ್ತಿದ್ದೆ. ಹೊರಗ ಬರೋದ್ರಾಗ ಇಲ್ಲ" ಅಂದರು.

"ಮನೀಗ ಹೋಗಿರಬೇಕಲ್ರಿ."

"ಮನೀಗ ಬೀಗ ಐತಿ. ಫೋನ್ ಬಂದ್ ಐತಿ. ಆ ಹುಡುಗಿ ಒಂದು ತಿಂಗಳು ದಿನಾ ಗುಳಿಗಿ ನುಂಗಬೇಕಾಗಿತ್ತು. ಎಚ್‌ಐವಿ ತಗುಲಬಾರದಂತ ಕೊಡೋ ಗುಳಿಗಿ. ಸುರು ಮಾಡಿ ಎರಡು ದಿನ ಆಗಿತ್ತು. ಕೈಯಾಗ ಕೊಟ್ಟಿದ್ದು ನಾಕು ದಿನಕ್ಕ ಆದ್ರ ಹೆಚ್ಚು. ಮತ್ತ ರಕ್ತ ತಪಾಸಣಾ ಮಾಡಬೇಕು. ಬಸಿರು ನಿಂತೈತೇನು ನೋಡಬೇಕು. ಆಕಿ ಮನಸ್ಸು ಹೆಂಗೈತಿ ನೋಡಬೇಕು. ಈಗ ಎಲ್ಲಿ ಹುಡುಕ್ಲಿ? ನಿಮ್ಮ ಪೇಪರ್ನ್ಯಾಗ ಹಾಕ್ತೀರೇನು, ಗುಳಿಗಿ ತಗೊಂಡು ಹೋಗವ್ವ ಅಂತ?"

ನಾನು ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. "ಹೆಸರು ಹಾಕಿಲ್ರಿ ಮೇಡಂ" ಅಂದೆ.

ಅವರು ಬಾಗಿಲು ತೆರೆದು ಹಿಡಿದರು.

ಅವತ್ತು ಸಂಜೆ ನಾನು ಫಾಲೋಅಪ್ ಬರೆದೆ. 'ಸಂತ್ರಸ್ತೆಯ ಕುಟುಂಬ ನಾಪತ್ತೆ, ಊರಲ್ಲಿ ಆತಂಕ' ಎಂಬ ತಲೆಬರಹದಲ್ಲಿ ಬಂತು. ಯಾಕೆ ನಾಪತ್ತೆಯಾದರು ಎಂದು ಅದರಲ್ಲಿ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮನೆಯ ಫೋಟೋ ಇತ್ತು. ಬೈಕಿನಲ್ಲಿ ಹೋಗಿ ನಾನೇ ತೆಗೆದದ್ದು.

ಕಾಲ ಹೋಯಿತು. ಆರೋಪಿಗೆ ಜಾಮೀನು ಸಿಕ್ಕಿತು. ಆ ಕುಟುಂಬ ಊರಿಗೆ ತಿರುಗಿ ಬರಲಿಲ್ಲ ಎಂದು ಕೇಳಿದೆ. ಹುಡುಗಿ ನ್ಯಾಯಾಲಯಕ್ಕೆ ಬಂದು ಒಂದೇ ಮಾತಿನಲ್ಲಿ ನನಗೇನೂ ನೆನಪಿಲ್ಲ ಎಂದು ಹೇಳಿ ಹೋದಳಂತೆ. ಸಾಕ್ಷ್ಯ ಸಾಲದೆ ಆರೋಪಿಯ ಬಿಡುಗಡೆಯಾಯಿತು. ಆ ಸುದ್ದಿಯನ್ನೂ ನಾನೇ ಒಳಪುಟಕ್ಕೆ ಕಳಿಸಿದೆ. ಸಣ್ಣದಾಗಿ ಬಂತು. ಅವಳು ಯಾಕೆ ಹಾಗೆ ಹೇಳಿರಬಹುದು ಎಂದು ಯೋಚಿಸುವ ಧೈರ್ಯವನ್ನು ನಾನು ಮಾಡಲಿಲ್ಲ.

ಆಗ ನನಗೆ ಬುದ್ಧಿ ಬಂತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಅದು ಪೂರ್ತಿ ನಿಜವಲ್ಲ. ಎಚ್ಚರಿಕೆ ಬಂತು ಎನ್ನಬಹುದು. ಮುಂದೆ ಹರಪನಹಳ್ಳಿ ತಾಲ್ಲೂಕಿನ ಒಂದು ಪ್ರಕರಣದಲ್ಲಿ ಊರು, ಉದ್ಯೋಗ, ಓದು ಎಲ್ಲ ಬಿಟ್ಟು ಎಂಟು ಸಾಲು ಬರೆದು ಕಳಿಸಿದೆ. ಮರುದಿನ ನೋಡಿದರೆ ಎಂಟು ಸಾಲು ಮೂರು ಕಾಲಂ ಆಗಿತ್ತು. ನಾನು ಬಿಟ್ಟದ್ದೆಲ್ಲ ಅಲ್ಲಿತ್ತು. ಆ ಕಾಲಕ್ಕೆ ವರದಿಗಾರರದ್ದೆಲ್ಲ ವಾಟ್ಸ್ಆ್ಯಪ್ ಗುಂಪುಗಳಾಗಿದ್ದವು. ಯಾರೋ ಅಲ್ಲಿ ದೂರಿನ ಪ್ರತಿಯನ್ನೇ ಹಾಕಿದ್ದರು, ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಅದರಿಂದ ಎತ್ತಿಕೊಂಡಿದ್ದರು. ಮೇಲೆ ನನ್ನ ಹೆಸರು.

ಶೇಖರಪ್ಪ ಸರ್‌ಗೆ ಫೋನ್ ಮಾಡಿದೆ. ಧ್ವನಿ ಏರಿಸಿಯೇ ಮಾತಾಡಿದೆ.

"ಅಲ್ಲಪಾ, ಉಳಿದ ಪೇಪರ್ನ್ಯಾಗ ಎಲ್ಲಾ ಐತಿ. ನಮ್ಮದ್ರಾಗ ಇಲ್ಲ ಅಂದ್ರ ನಾನು ಮ್ಯಾಲಿನೋರಿಗೆ ಏನು ಹೇಳ್ಲಿ?" ಅಂದರು ಅವರು. "ನಿನಗ ಬ್ಯಾಡ ಅಂದ್ರ ಹೇಳು. ಆ ತಾಲ್ಲೂಕು ಬ್ಯಾರೆಯವ್ರಿಗೆ ಕೊಡೋಣು."

"ಹಂಗಲ್ರಿ ಸರ್" ಅಂದೆ. ಧ್ವನಿ ತಾನೇ ಇಳಿದಿತ್ತು.

ಮೊದಲನೆಯದನ್ನು ತಿಳಿಯದೆ ಮಾಡಿದೆ ಎಂದು ಎಲ್ಲಾದರೂ ಒಂದು ಮೂಲೆಯಲ್ಲಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಎರಡನೆಯದಕ್ಕೆ ಅದೂ ಇರಲಿಲ್ಲ. ತಿಳಿದೂ ಸುಮ್ಮನಾದೆ. ಆ ಹೆಣ್ಣುಮಗಳು ಯಾವ ಆಸ್ಪತ್ರೆಗೆ ಹೋದಳು, ಹೋದಳೋ ಇಲ್ಲವೋ ಎಂದು ವಿಚಾರಿಸಲೂ ಇಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆ ಇತ್ತು.

ಡಾಕ್ಟರ್ ಸುಮಂಗಲಾ ನನ್ನೊಡನೆ ಮಾತು ಬಿಟ್ಟಿದ್ದರು. ಒಂದು ದಿನ ಲಸಿಕೆ ಕಾರ್ಯಕ್ರಮದ ಸುದ್ದಿಗೆ ಆಸ್ಪತ್ರೆಗೆ ಹೋಗಿದ್ದಾಗ ಅವರೇ ಕರೆದರು. ಮೇಜಿನ ಮೇಲೆ ಅವರ ಊಟದ ಡಬ್ಬಿ ತೆರೆದಿತ್ತು.

"ಒಂದು ಮಾತು ಹೇಳ್ತೀನಿ, ಕೇಳ್ರಿ" ಅಂದರು. "ಇತ್ತೀಚಿಗೆ ಹೆಣ್ಮಕ್ಕಳು ಮೈಮ್ಯಾಲೆಲ್ಲ ಗಾಯ ಮಾಡ್ಕೊಂಡು ಬರ್ತಾರ. ಏನಾತವ್ವ ಅಂದ್ರ ಬೈಕ್ ಮ್ಯಾಲಿಂದ ಬಿದ್ದೆ ಅಂತಾರ. ನೋಡಿದ್ರ ಅದು ಬೈಕಿಂದ ಬಿದ್ದ ಗಾಯ ಅಲ್ಲ. ಹೇಳವ್ವ, ಔಷಧಿ ಐತಿ ಅಂದ್ರ ಬಾಯಿ ಬಿಡಂಗಿಲ್ಲ. ಒಬ್ಬಾಕಿ ಏನಂದ್ಲು ಗೊತ್ತೇನು? ಹೇಳಿದ್ರ ಪೇಪರ್ನ್ಯಾಗ ಬರ್ತೈತ್ರಿ ಅಂದ್ಲು."

ನಾನು ತಲೆ ತಗ್ಗಿಸಿದೆ.

"ತಲಿ ತಗ್ಗಿಸಿದ್ರ ನನಗೇನೂ ಆಗಬೇಕಾಗಿಲ್ಲ. ಬರ್ಕೋರಿ. ಇಂಥದ್ದು ಆದವ್ರು ಸೀದಾ ಸರ್ಕಾರಿ ಆಸ್ಪತ್ರಿಗೆ ಬರಬಹುದು. ಮೊದ್ಲು ಠಾಣಿಗೆ ಹೋಗಿ ಚೀಟಿ ತರಬೇಕಂತ ಇಲ್ಲ. ರೊಕ್ಕ ಕೊಡಬೇಕಂತಿಲ್ಲ. ಮೂರು ದಿನದೊಳಗ ಬರಬೇಕು, ಎಷ್ಟು ಲಗೂ ಬಂದ್ರ ಅಷ್ಟು ಛಲೋ. ತಡಾ ಆದ್ರೂ ಬರಬೇಕು, ಬ್ಯಾರೆ ಚಿಕಿತ್ಸಾ ಐತಿ. ಇಷ್ಟು ಬರೀರಿ. ಚಿಕುನ್‌ಗುನ್ಯ ಬಗ್ಗೆ ಬರದ್ರಲ್ಲ, ಹಂಗ ಬರೀರಿ."

ಬರೆದೆ. ಇಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವುದನ್ನೂ ಬರೆದಿಲ್ಲ. ಡೆಸ್ಕಿಗೆ ಹೋಯಿತು, ಬರಲಿಲ್ಲ. ಕೇಳಿದರೆ, "ಇದರಾಗ ಸುದ್ದಿ ಎಲ್ಲೈತಿ? ಘಟನೇನ ಇಲ್ಲಲ್ಲ" ಅಂದರು ಶೇಖರಪ್ಪ ಸರ್. ಎರಡು ವಾರ ಬೆನ್ನು ಹತ್ತಿದೆ. ಕೊನೆಗೆ ಒಂದು ಭಾನುವಾರ ಆರೋಗ್ಯ ಪುಟದಲ್ಲಿ, ಕೂದಲು ಉದುರುವಿಕೆಯ ಲೇಖನದ ಕೆಳಗೆ ಹಾಕಿದರು. ಮೊಣಕಾಲಲ್ಲಿ ಮುಖ ಹುದುಗಿಸಿ ಕೂತ ಹುಡುಗಿಯ ಕಪ್ಪು ಚಿತ್ರ ದೊಡ್ಡದಾಗಿ ಹಾಕಿದ್ದರು. ಆ ಚಿತ್ರಕ್ಕೆ ಜಾಗ ಬೇಕಾಗಿ ಕೊನೆಯ ಪ್ಯಾರಾ ಕತ್ತರಿಸಿದ್ದರು. ಮೂರು ದಿನದೊಳಗೆ ಬರಬೇಕು ಎಂಬ ಮಾತು ಇದ್ದದ್ದು ಆ ಪ್ಯಾರಾದಲ್ಲೇ. ಮುಖ್ಯವಾದ ಮಾತನ್ನು ಮೊದಲ ಸಾಲಿನಲ್ಲಿ ಇಡಬೇಕು, ಕತ್ತರಿ ಕೆಳಗಿನಿಂದ ಬೀಳುತ್ತದೆ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದ ನಾನು, ಆ ಮಾತನ್ನು ಕೊನೆಯಲ್ಲಿ ಇಟ್ಟಿದ್ದೆ. ಚೆಂದವಾಗಿ ಮುಗಿಯಲಿ ಎಂದು.

ಇನ್ನೊಮ್ಮೆ ಕಾಡಿ ಬೇಡಿ ಬರೀ ಆ ಭಾಗವನ್ನು ಸಿಂಗಲ್ ಕಾಲಂನಲ್ಲಿ ಹಾಕಿಸಿದೆ. ಡಾಕ್ಟರಿಗೆ ತೋರಿಸಲು ಹೋದೆ. ಓದಿ "ಹೂಂ" ಅಂದರು. "ಇದನ್ನ ಓದಿ ಯಾರಾರ ಬಂದಾರೇನ್ರಿ ಮೇಡಂ?" ಎಂದು ಆಸೆಯಿಂದ ಕೇಳಿದೆ.

"ಬಂದಿದ್ರೂ ನಿಮಗ ಹೇಳಂಗಿಲ್ಲ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ನನ್ನ ನಿವೃತ್ತಿಯ ದಿನ ಕೂಡ್ಲಿಗಿಯಲ್ಲಿ ಗೆಳೆಯರು ಒಂದು ಸಮಾರಂಭ ಇಟ್ಟುಕೊಂಡಿದ್ದರು. ಐದೂ ತಾಲ್ಲೂಕಿನ ವರದಿಗಾರರು ಬಂದಿದ್ದರು. ಶೇಖರಪ್ಪ ಸರ್ ತಾವೂ ನಿವೃತ್ತರಾಗಿದ್ದರೂ ಬಂದು ಮುಖ್ಯ ಅತಿಥಿಯಾಗಿ ಕೂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ, ಬಣ್ಣದ ಕಾಗದ ಸುತ್ತಿದ ಒಂದು ದೊಡ್ಡ ಚೌಕಟ್ಟನ್ನು ಇಬ್ಬರು ಹಿಡಿದುಕೊಂಡು ವೇದಿಕೆಗೆ ತಂದರು. ಗಿರಿಜಾಳನ್ನೂ ಕರೆದು ನನ್ನ ಪಕ್ಕ ನಿಲ್ಲಿಸಿದರು. ಕಾಗದ ಬಿಚ್ಚಿದರು. ಗಾಜಿನ ಒಳಗೆ ಆ ದಿನದ ಮುಖಪುಟ ಇತ್ತು. ಪಂಕ್ಚರ್ ಅಂಗಡಿ, ಹಿರಿಯ ಮಗಳು, ತಾಯಿಯ ಕಣ್ಣೀರು, ಮೇಲೆ ನನ್ನ ಹೆಸರು.

"ಬಡವರ ಮನಿ ಹೆಣ್ಣುಮಗಳ ಪರ ನಿಂತ ಲೇಖನಿ ಇದು. ಈ ವರದಿ ಬಂದ ದಿನಾನ ಆರೋಪಿ ಅರೆಸ್ಟ್ ಆದ" ಎಂದು ಶೇಖರಪ್ಪ ಸರ್ ಮೈಕಿನಲ್ಲಿ ಹೇಳಿದರು. ಅವರಿಗೆ ನಿಜವಾಗಿಯೂ ಹಾಗೆಯೇ ಅನಿಸಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗಿರಿಜಾ ನನ್ನ ಮುಖ ನೋಡಿದಳು. ಈಗಲಾದರೂ ಏನಾದರೂ ಹೇಳುತ್ತೀರಾ ಎಂದು ಕೇಳುವ ನೋಟ. ಮೈಕು ನನ್ನ ಮುಂದೆ ಬಂತು. ಆ ಹುಡುಗಿ ಓದು ಬಿಟ್ಟಳು, ಊರು ಬಿಟ್ಟಳು, ಔಷಧಿ ಬಿಟ್ಟಳು, ಆರೋಪಿ ಬಿಡುಗಡೆಯಾದ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಮುಂದೆ ಕೂತವರಲ್ಲಿ ಅರ್ಧಕ್ಕರ್ಧ ಹೊಸಬರು. ಅವರಿಗೆ ಅದು ಬೇಕಾಗಿತ್ತು ಕೂಡ. ನಾನು ಎಲ್ಲರಿಗೂ ಧನ್ಯವಾದ ಹೇಳಿದೆ. ಚೌಕಟ್ಟನ್ನು ಎದೆಗೆ ಹಿಡಿದುಕೊಂಡು ಫೋಟೋಗೆ ನಿಂತೆ. ಫೋಟೋದಲ್ಲಿ ನಗುತ್ತಿದ್ದೇನೆ.

ಮನೆಗೆ ಬಂದ ಮೇಲೆ ಗಿರಿಜಾ, "ಇದು ನನ್ನ ಮನಿ ಗೋಡಿಗೆ ಬರಂಗಿಲ್ಲ" ಎಂದಷ್ಟೇ ಹೇಳಿದಳು. ಗಾಜು ತೆಗೆದು ಕಾಗದವನ್ನು ಒಲೆಗೆ ಹಾಕಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಆ ಪುಟ ಈಗಲೂ ಇಂಟರ್‌ನೆಟ್ಟಿನಲ್ಲಿ ಇದೆ. ತೆಗೆಸಲು ಕಚೇರಿಗೆ ಎರಡು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ.

ರೇಣುಕಾಳ ಫೋನು ಬಂದ ದಿನ ಅಂಗಡಿ ಕಟ್ಟೆಯ ಮೇಲೆ ಕೂತು ಅವಳಿಗೆ ಹೇಳಿದ್ದು ಇಷ್ಟು. ಬರೆದು ಮುಗಿಸಿದ ಮೇಲೆ ಆ ಊರಿನವಳೇ ಆಗಿ ಓದು. ಗುರುತು ಸಿಗುವ ಸಾಲು ಯಾವುದಿದ್ದರೂ ತೆಗೆ. ಅವಳು ಏನು ಉಟ್ಟಿದ್ದಳು, ಯಾಕೆ ಹೋಗಿದ್ದಳು ಎಂಬುದು ನಿನಗೆ ಬೇಡ. ಆಸ್ಪತ್ರೆಯ ಮಾತು ಹಾಕು, ಮೇಲಿನ ಸಾಲಿನಲ್ಲಿಯೇ ಹಾಕು. ಡೆಸ್ಕಿನವರು ಊರು ಕೇಳಿದರೆ ಗೊತ್ತಿಲ್ಲ ಅನ್ನು.

ಅವಳು ಗೊತ್ತಿಲ್ಲ ಎನ್ನಲಿಲ್ಲವಂತೆ. ಗೊತ್ತೈತಿ, ಹೇಳಂಗಿಲ್ಲ ಎಂದಳಂತೆ. ಮರುದಿನ ಒಳಪುಟದಲ್ಲಿ ಒಂದು ಮೂಲೆಯಲ್ಲಿ ಬಂತು. "ಭಾಳ ಸಣ್ಣದಾಗಿ ಬಂತಲ್ರಿ ಸರ್" ಎಂದು ಬೇಸರ ಮಾಡಿಕೊಂಡಳು. ನನ್ನ ಇಡೀ ವೃತ್ತಿಯಲ್ಲಿ ಅಂಥ ಒಂದು ಸಣ್ಣ ಸುದ್ದಿಯೂ ನನ್ನದು ಅಚ್ಚಾಗಿಲ್ಲ ಎಂದು ಅವಳಿಗೆ ಹೇಳಿದೆ.

ಆಮೇಲೆ ಇದನ್ನೆಲ್ಲ ಬರೆಯಬೇಕು ಎನಿಸಿತು. ಆದರೆ ಬರೆಯುವುದು ನನ್ನ ಕಥೆ ಎಂದುಕೊಂಡರೂ ಅದರೊಳಗೆ ಅವಳ ಕಥೆ ಇದೆ. ಕೇಳದೆ ಒಮ್ಮೆ ಬರೆದಾಗಿತ್ತು. ಡಾಕ್ಟರ್ ಸುಮಂಗಲಾ ಈಗ ಬೇರೆ ಕಡೆ ಇದ್ದಾರೆ. ಅವರನ್ನು ಕಂಡು, ಆ ಹುಡುಗಿ ಎಲ್ಲಿದ್ದಾಳೆ ಗೊತ್ತೇ ಎಂದು ಕೇಳಿದೆ. "ಗೊತ್ತಿದ್ರೂ ಹೇಳಂಗಿಲ್ಲ, ನಿಮಗ ಗೊತ್ತೈತಿ" ಅಂದರು. ನಾನು ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದು, ನನ್ನ ಫೋನ್ ನಂಬರ್ ಹಾಕಿ ಅವರ ಮೇಜಿನ ಮೇಲೆ ಇಟ್ಟು ಬಂದೆ.

ತಡವಾಗಿ, ಆಸೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ನೀವು ಪೇಪರಿನೋರು ಅಲ್ರಿ?" ಎಂದು ಒಂದು ಹೆಣ್ಣು ಧ್ವನಿ ಕೇಳಿತು. ಅವಳ ಧ್ವನಿಯನ್ನು ನಾನು ಅದಕ್ಕೂ ಮುಂಚೆ ಕೇಳಿಯೇ ಇರಲಿಲ್ಲ ಎಂಬುದು ಆಗ ತಿಳಿಯಿತು. ಅಷ್ಟೆಲ್ಲ ಬರೆದವನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಹೌದವ್ವ. ನಾನ. ನನ್ನ ತಪ್ಪು..." ಎಂದು ಶುರು ಮಾಡಿದೆ.

"ಅದನ್ನ ಬಿಡ್ರಿ" ಅಂದಳು. "ನಮ್ಮವ್ವ ನಿಮಗ ನೀರು ಕೊಟ್ಟಿದ್ಲಂತ. ಸಾಯೋತನ ಅದನ್ನ ಹೇಳ್ತಿದ್ಲು. ನಾನ ನೀರು ಕೊಟ್ಟು ಎಲ್ಲಾ ಹೇಳಿದ್ನಲ್ಲ ಅಂತ. ತಪ್ಪು ಆಕಿದಂತ ತಿಳಕೊಂಡು ಹೋದ್ಲು."

ಅವಳೇ ಮುಂದುವರಿಸಿದಳು. ಗುಳಿಗೆ ಆರು ದಿನಕ್ಕೆ ಮುಗಿದವು. ಹೊಸ ಊರಿನ ಆಸ್ಪತ್ರೆಗೆ ಹೋದರೆ ಯಾಕೆ ಬೇಕು ಎಂದು ಕೇಳುತ್ತಾರೆ, ಹೇಳಿದರೆ ಮತ್ತೆ ಪೇಪರಿನಲ್ಲಿ ಬರುತ್ತದೆ ಎಂದು ಹೋಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಲಿಕ್ಕೂ ಹೆದರಿಕೆ. ಒಂದು ಜ್ವರ ಬಂದರೂ ಅದೇ ಇರಬೇಕು ಎಂದುಕೊಳ್ಳುತ್ತ ವರ್ಷಗಟ್ಟಲೆ ಕಳೆದಳು. ತಂಗಿಯರ ತಟ್ಟೆ ಲೋಟ ಮುಟ್ಟುತ್ತಿರಲಿಲ್ಲ. ಕೊನೆಗೆ ಹೇಗೋ ಡಾಕ್ಟರ್ ಸುಮಂಗಲಾ ಅವರನ್ನು ಹುಡುಕಿಕೊಂಡು ಹೋಗಿ ಪರೀಕ್ಷೆ ಮಾಡಿಸಿಕೊಂಡಳು.

"ಏನೂ ಇದ್ದಿಲ್ಲ" ಅಂದಳು. "ರಕ್ತದಾಗ ಏನೂ ಇದ್ದಿಲ್ಲ. ಅಷ್ಟು ವರ್ಷ ಸುಮ್ನ ಅಂಜಿದ್ದೆ."

ಅವಳ ಹಿಂದೆ ಏನೋ ಸದ್ದುಗಳು ಕೇಳುತ್ತಿದ್ದವು. ಅವು ಏನೆಂದು ಇಲ್ಲಿ ಬರೆಯುವುದಿಲ್ಲ.

"ಹೊಸದಾಗಿ ಬರೋ ಹುಡುಗ್ರು ಓದ್ಲಿ ಅಂತ ಬರೀಬೇಕಂತ ಮಾಡೇನಿ" ಅಂದೆ. "ನೀನು ಬ್ಯಾಡ ಅಂದ್ರ ಬರೆಯಂಗಿಲ್ಲ."

ಕರೆ ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಬರೀರಿ" ಅಂದಳು. "ಊರು ಬ್ಯಾರೆ ಮಾಡ್ರಿ. ನಮ್ಮಪ್ಪನ ಉದ್ಯೋಗ ಬ್ಯಾರೆ ಮಾಡ್ರಿ. ನನ್ನ ಓದು, ನಮ್ಮ ಮನ್ಯಾಗಿನ ಮಂದಿ, ಎಲ್ಲಾ ಬ್ಯಾರೆ ಮಾಡ್ರಿ. ನೀವು ಮಾಡಿದ್ದು ಮಾತ್ರ ಹೆಂಗೈತಿ ಹಂಗ ಬರೀರಿ."

ಹಾಗೆಯೇ ಬರೆದಿದ್ದೇನೆ.